ಸ್ಥಿರತೆಯ ಪಾಠಕ್ಕೊಂದು ಆಟ: ಕರ್ಬಲ್ ಸ್ಪೇಸ್ ಪ್ರೋಗ್ರಾಂನ ವಿಮಾನ ಮತ್ತು ದೋಣಿ

ದ್ರವ್ಯರಾಶಿ ಕೇಂದ್ರವನ್ನು ಬೋಧಿಸುವಾಗ ನಾವು ಕಪ್ಪುಹಲಗೆಯ ಮೇಲೆ ಚುಕ್ಕೆಯೊಂದನ್ನಿಟ್ಟು, ವಸ್ತುವಿನ ಭಾರವೆಲ್ಲ ಅಲ್ಲಿ ನೆಲೆಸಿದೆಯೆಂದು ಭಾವಿಸಲು ಹೇಳುತ್ತೇವೆ. ವಿದ್ಯಾರ್ಥಿಗಳು ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆ ಚುಕ್ಕೆ ತುಸು ಹಿಂದೆ ಸರಿದರೆ ವಿಮಾನ ಏಕೆ ಪಲ್ಟಿಯಾಗುತ್ತದೆಂದು ಕೇಳಿದರೆ ಮಾತ್ರ ಉತ್ತರ ದೊರೆಯದು. ಈ ಕೊರತೆಯನ್ನು ತುಂಬಲು ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆ ರೂಪಿಸಿದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ಕಂಪ್ಯೂಟರ್ ಆಟ ನೆರವಾಗಬಲ್ಲದು. 2011ರಲ್ಲಿ ಮೊದಲು ಹೊರಬಂದ ಈ ಆಟ 2015ರಲ್ಲಿ ಪೂರ್ಣರೂಪ ತಾಳಿತು. ಬಾಹ್ಯಾಕಾಶಯಾನದ ಆಟವಾದರೂ ಇದರಲ್ಲಿ ವಿಮಾನಗಳನ್ನೂ ದೋಣಿಗಳನ್ನೂ ಕಟ್ಟಬಹುದು.

ವಿಮಾನವನ್ನು ಜೋಡಿಸುವಾಗ ಆಟವು ಮೂರು ಗುರುತುಗಳನ್ನು ತೋರಿಸುತ್ತದೆ. ಹಳದಿಯದು ದ್ರವ್ಯರಾಶಿ ಕೇಂದ್ರ, ನೀಲಿಯದು ರೆಕ್ಕೆಗಳ ಮೇಲೆತ್ತುವ ಬಲದ ಕೇಂದ್ರ, ನೇರಳೆಯದು ಎಂಜಿನಿನ ನೂಕುಬಲದ ಕೇಂದ್ರ. ಹಳದಿ ಗುರುತು ನೀಲಿಗಿಂತ ಸ್ವಲ್ಪ ಮುಂದಿರಬೇಕೆಂಬುದು ಮೂಲನಿಯಮ. ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದಿತೆನ್ನೋಣ. ಆಗ ರೆಕ್ಕೆಗಳ ಮೇಲೆತ್ತುವ ಬಲ ಹೆಚ್ಚುತ್ತದೆ. ಆ ಬಲ ದ್ರವ್ಯರಾಶಿ ಕೇಂದ್ರದ ಹಿಂದೆ ವರ್ತಿಸುವುದರಿಂದ ಬಾಲವನ್ನೆತ್ತಿ ಮೂತಿಯನ್ನು ಮರಳಿ ಕೆಳಗಿಳಿಸುತ್ತದೆ. ನೀಲಿ ಗುರುತು ಮುಂದಿದ್ದರೆ ಅದೇ ಬಲ ಮೂತಿಯನ್ನು ಇನ್ನಷ್ಟು ಮೇಲೆತ್ತಿ ವಿಮಾನವನ್ನು ಮಗುಚುತ್ತದೆ. ಬಾಣಕ್ಕೆ ಭಾರವಾದ ಮೊನೆ ಮುಂದೆಯೂ ಗರಿ ಹಿಂದೆಯೂ ಇರುವುದು ಈ ಕಾರಣದಿಂದಲೇ. ಅಂತರ ಅತಿಯಾದರೆ ಮೂತಿಯನ್ನೆತ್ತಲಾಗದೆ ವಿಮಾನ ನೆಲ ಬಿಡುವುದೇ ಕಷ್ಟವಾಗುತ್ತದೆ.

ಚೆನ್ನಾಗಿ ಹಾರುತ್ತಿದ್ದ ವಿಮಾನ ಸ್ವಲ್ಪ ಹೊತ್ತಿನ ನಂತರ ಒಮ್ಮೆಲೇ ಹಿಡಿತ ತಪ್ಪುವುದೂ ಉಂಟು. ಎಂಜಿನ್ ಹಿಂದೆ, ಇಂಧನದ ಟ್ಯಾಂಕ್ ಮುಂದೆ ಇದ್ದರೆ, ಇಂಧನ ಉರಿದಂತೆ ಮುಂಭಾಗ ಹಗುರವಾಗಿ ಹಳದಿ ಗುರುತು ಹಿಂದೆ ಸರಿಯುತ್ತದೆ. ಕೊನೆಗೆ ನೀಲಿಯನ್ನು ದಾಟುತ್ತದೆ. ಆದ್ದರಿಂದ ಜೋಡಿಸುವಾಗಲೇ ಟ್ಯಾಂಕನ್ನು ಬರಿದಾಗಿಸಿ ಗುರುತು ಎಲ್ಲಿಗೆ ಸರಿಯುತ್ತದೆಂದು ನೋಡಬೇಕು.

ದೋಣಿಯಲ್ಲಿ ಪ್ಲವನ ಬಲದ ಕೇಂದ್ರವನ್ನು ತೋರಿಸುವ ಗುರುತಿಲ್ಲ. ಅದನ್ನು ವಿದ್ಯಾರ್ಥಿಯೇ ಊಹಿಸಬೇಕು. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿ ಹೆಚ್ಚು ಮುಳುಗುವುದರಿಂದ ಪ್ಲವನ ಕೇಂದ್ರವೂ ಅತ್ತ ಸರಿಯುತ್ತದೆ. ಭಾರದ ಲಂಬರೇಖೆಯನ್ನು ದಾಟಿ ಅದು ಹೊರಗೆ ಸರಿದರೆ ದೋಣಿ ನೆಟ್ಟಗಾಗುತ್ತದೆ. ಭಾರ ಬಹಳ ಎತ್ತರದಲ್ಲಿದ್ದರೆ ದ್ರವ್ಯರಾಶಿ ಕೇಂದ್ರವೇ ವಾಲಿದ ಕಡೆಗೆ ಹೆಚ್ಚು ಸರಿದು ದೋಣಿ ಮಗುಚುತ್ತದೆ. ಅಗಲವಾದ ಒಡಲು ಅಥವಾ ದೂರದೂರವಿರುವ ಜೋಡಿ ಒಡಲು, ಮತ್ತು ತಳದಲ್ಲಿ ಭಾರ: ಇವೇ ಪರಿಹಾರಗಳು. ಎಂಜಿನನ್ನು ತೀರ ಎತ್ತರದಲ್ಲಿಟ್ಟರೆ, ನೀರಿನ ತಡೆ ಕೆಳಗೂ ನೂಕುಬಲ ಮೇಲೂ ವರ್ತಿಸಿ ದೋಣಿಯ ಮೂತಿ ನೀರಿಗಿಳಿಯುತ್ತದೆ.

ಇದು ಬರಿಯ ಆಟದ ಮಾತಲ್ಲ. 1628ರ ಆಗಸ್ಟ್ 10ರಂದು ಸ್ವೀಡನ್ನಿನ ‘ವಾಸಾ’ ಎಂಬ ಯುದ್ಧನೌಕೆ ಸ್ಟಾಕ್‌ಹೋಮ್ ಬಂದರಿನಲ್ಲಿ, ತನ್ನ ಮೊದಲ ಯಾನದಲ್ಲಿಯೇ, ಸುಮಾರು 1300 ಮೀಟರ್ ಸಾಗಿ ಮುಳುಗಿತು. ಅದರ ಮೇಲ್ಭಾಗ ಅತಿಯಾಗಿ ಭಾರವಾಗಿತ್ತು. ಗಾಳಿಗೆ ವಾಲಿದಾಗ ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಯಾನಕ್ಕೆ ಮೊದಲು 30 ಜನರನ್ನು ಅಟ್ಟದ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷಿಸಲಾಗಿತ್ತು. ನೌಕೆ ಅಪಾಯಕರವಾಗಿ ಹೊಯ್ದಾಡಿದ್ದರಿಂದ ಪರೀಕ್ಷೆಯನ್ನು ನಿಲ್ಲಿಸಿದರು, ಯಾನವನ್ನು ನಿಲ್ಲಿಸಲಿಲ್ಲ.

ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಈ ಪಾಠವನ್ನು ಮಾಡಬಹುದು. ಕಾಗದದ ವಿಮಾನದ ಮೂತಿಗೊಮ್ಮೆ, ಬಾಲಕ್ಕೊಮ್ಮೆ ಕ್ಲಿಪ್ ಸಿಕ್ಕಿಸಿ ಹಾರಿಸಲಿ. ಬಕೆಟ್ಟಿನ ನೀರಿನಲ್ಲಿ ತೇಲುವ ಡಬ್ಬಿಯ ತಳದಲ್ಲಿ ಬೆಣಚುಕಲ್ಲುಗಳನ್ನಿಟ್ಟು ವಾಲಿಸಿ ನೋಡಲಿ; ಬಳಿಕ ಅವನ್ನೇ ಮುಚ್ಚಳದ ಮೇಲೆ ಅಂಟಿಸಿ ನೋಡಲಿ. ಪ್ರತಿ ಪ್ರಯೋಗಕ್ಕೂ ಮುನ್ನ ಏನಾಗಬಹುದೆಂಬ ಊಹೆಯನ್ನು ಕಾರಣಸಹಿತ ಬರೆಯಲು ಹೇಳಬೇಕು. ಊಹೆ ತಪ್ಪಿದರೆ ಅಂಕ ಕಳೆಯದೆ, ಯಾವ ಬಲ ಎಲ್ಲಿ ವರ್ತಿಸಿತೆಂದು ಚರ್ಚಿಸಬೇಕು. ಮಗುಚಿದ ಡಬ್ಬಿಯಿಂದ ಯಾರಿಗೂ ಹಾನಿಯಿಲ್ಲ. ಅದು ಹೇಳಿದ್ದನ್ನು ಗಮನಿಸುವ ಅಭ್ಯಾಸವನ್ನು ಮಕ್ಕಳು ತರಗತಿಯಲ್ಲಿಯೇ ಕಲಿಯಲಿ.