ಪಾಕ್ಸೋಸ್‌ನ ಬ್ಯಾಂಡೂ ಒಂದು ಹೆಣವೂ

ಹೆಣದ ಸುಳಿವನ್ನು ಮೊದಲೇ ಬಿಟ್ಟುಕೊಟ್ಟು ಆಮೇಲೆ ಕಥೆ ಹೇಳಲು ಕೂರುವುದಕ್ಕೆ ಎದೆಗಾರಿಕೆ ಬೇಕು. ಗ್ರೀಸಿನ ‘ಮಾಯೆಸ್ಟ್ರೋ’ ಧಾರಾವಾಹಿಗೆ ಅದು ಧಾರಾಳವಾಗಿದೆ. ಕ್ರಿಸ್ಟೊಫೊರೊಸ್ ಪಾಪಾಕಲಿಯಾಟಿಸ್ ಬರೆದು, ನಿರ್ದೇಶಿಸಿ, ತಾನೇ ನಾಯಕನಾಗಿ ನಟಿಸಿದ ಇದು 2022ರಲ್ಲಿ ಮೆಗಾ ವಾಹಿನಿಯಲ್ಲಿ ಬಂತು. ಮರುವರ್ಷ ನೆಟ್‌ಫ್ಲಿಕ್ಸ್ ಏರಿ, ಅಲ್ಲಿ ಕಾಣಿಸಿಕೊಂಡ ಮೊದಲ ಗ್ರೀಕ್ ಧಾರಾವಾಹಿ ಎನಿಸಿತು. ಸಂಗೀತೋತ್ಸವ ನಡೆಸಲು ಪಾಕ್ಸೋಸ್ ದ್ವೀಪಕ್ಕೆ ಬರುವ ನಾಯಕ ಓರೆಸ್ಟಿಸ್ ಊರವರ ಗುಟ್ಟುಗಳಲ್ಲಿ ಸಿಕ್ಕಿಕೊಳ್ಳುವ ಕಥೆ ನೋಡಿದವರಿಗೆ ಗೊತ್ತೇ ಇದೆ. ಪತ್ತೇದಾರಿಯ ಹಸಿವಿನಿಂದ ಇದನ್ನು ನೋಡಲು ಕೂತವರಿಗೆ ನಿರಾಸೆಯಾದೀತು. ಹೆಂಡತಿ ಮಾರಿಯಾಳನ್ನೂ ಮಗ ಸ್ಪಿರೋಸ್‌ನನ್ನೂ ಬಡಿಯುವ ಹರಲಾಂಬೋಸ್ ಮನೆಯೊಳಗೆ ಕಾಲಿಟ್ಟಾಗಲೆಲ್ಲ, ಇವನನ್ನು ಯಾರಾದರೂ ಮುಗಿಸಬಾರದೇ ಎಂದು ನೋಡುವವರ ಮನಸ್ಸೇ ಹೇಳತೊಡಗುತ್ತದೆ. ಧಾರಾವಾಹಿಯ ನಿಜವಾದ ಸೆಳೆತ ಇದೇ. ಕೊಂದವರ್‍ಯಾರು ಎಂಬುದಕ್ಕಿಂತ, ಕೊಲೆಗೆ ನಾವು ಯಾವಾಗ ಒಪ್ಪಿಗೆ ಕೊಟ್ಟೆವು ಎಂಬುದು ಕಾಡುತ್ತದೆ.

ಇಂಥ ಕಥೆಗೆ ದ್ವೀಪವೇ ಬೇಕು. ಕೊರ್ಫುವಿನ ದಕ್ಷಿಣಕ್ಕಿರುವ ಪಾಕ್ಸೋಸ್‌ನಲ್ಲಿ ಓಡಿಹೋಗಲು ದೋಣಿಯೊಂದೇ ದಾರಿ; ಪಕ್ಕದ ಮನೆಯ ಏಟಿನ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ, ಬಾಯಿ ಮಾತ್ರ ಯಾರದೂ ತೆರೆಯುವುದಿಲ್ಲ. ಸಂಗೀತವನ್ನೂ ಅಲಂಕಾರಕ್ಕೆಂದು ತಂದು ಅಂಟಿಸಿದ್ದಲ್ಲ. ಶತಮಾನಗಟ್ಟಲೆ ವೆನಿಸ್ಸಿನ ಆಳ್ವಿಕೆಯಲ್ಲಿದ್ದ ಕೊರ್ಫು, ಪಾಕ್ಸೋಸ್ ದ್ವೀಪಗಳು ಬ್ರಿಟಿಷರ ಸುಪರ್ದಿಗೂ ಹೋಗಿ 1864ರಲ್ಲಷ್ಟೇ ಗ್ರೀಸ್ ಸೇರಿದವು. ಇಲ್ಲಿನ ಬ್ಯಾಂಡುಗಳ ಹುಟ್ಟಿನ ಕಥೆ ಯಾವ ಧಾರಾವಾಹಿಗೂ ಕಡಿಮೆಯಿಲ್ಲ. ಕೊರ್ಫುವಿನ ಪಾಲಕ ಸಂತ ಸ್ಪಿರಿಡಾನ್. ಅವನ ಉತ್ಸವದ ಮೆರವಣಿಗೆಗೆ ಇನ್ನು ತಮ್ಮ ಮಿಲಿಟರಿ ಬ್ಯಾಂಡು ಬರುವುದಿಲ್ಲ ಎಂದರು ಬ್ರಿಟಿಷರು. ಕೊರ್ಫುವಿನವರು ಸುಮ್ಮನಿರಲಿಲ್ಲ, 1840ರಲ್ಲಿ ತಮ್ಮದೇ ಫಿಲ್‌ಹಾರ್ಮೋನಿಕ್ ಸೊಸೈಟಿ ಕಟ್ಟಿಕೊಂಡರು. ಅದರ ಜೊತೆಗಿದ್ದ ನಿಕೊಲಾವೋಸ್ ಮಾಂಟ್ಸಾರೋಸ್ ಮುಂದೆ ಗ್ರೀಸಿನ ರಾಷ್ಟ್ರಗೀತೆಯಾದ ರಾಗಕ್ಕೂ ಒಡೆಯ. ದೇವರ ಮೆರವಣಿಗೆಗೆ ವಾದ್ಯವಿಲ್ಲದೆ ಹೋದೀತೆಂದು ಒಟ್ಟಾಗಿ ಎದ್ದುನಿಂತ ಸೀಮೆ ಅದು. ಅದೇ ಸೀಮೆಯ ಜನ ಒಬ್ಬ ಹೆಂಗಸಿನ ಮೈಮೇಲಿನ ಬಾಸುಂಡೆಗಳ ವಿಷಯದಲ್ಲಿ ಒಬ್ಬೊಬ್ಬರಾಗಿ ಮುಖ ತಿರುಗಿಸುವುದನ್ನು ಪಾಪಾಕಲಿಯಾಟಿಸ್ ತೋರಿಸುತ್ತಾರೆ. ಏಟು ತಿನ್ನುವ ಹುಡುಗನಿಗೆ ಸಂತನ ಹೆಸರೇ ಇದೆ. ಆ ಕಡೆ ಬೀದಿಗೊಬ್ಬ ಸ್ಪಿರೋಸ್ ಸಿಗುತ್ತಾನೆ, ನಿಜ. ಆದರೂ ಆ ಆಯ್ಕೆ ಬರೀ ಆಕಸ್ಮಿಕ ಎಂದು ನಂಬಲು ನನಗೆ ಮನಸ್ಸಿಲ್ಲ.

ಇದು ಕಡಲತೀರದ ಬಣ್ಣ ಬಳಿದ ಮಾಮೂಲಿ ಕಣ್ಣೀರಿನ ಕಥೆ, ಸ್ಪಿರೋಸ್ ಮತ್ತು ಅಂತೋನಿಸ್ ಎಂಬ ಹುಡುಗನ ಪ್ರೀತಿ ಬರೀ ಸಂಚಲನ ಹುಟ್ಟಿಸಲು ಸೇರಿಸಿದ್ದು ಎನ್ನುವವರೂ ಇದ್ದಾರೆ. ನೀಲಿ ನೀರು ಕಣ್ಣು ಕುಕ್ಕುವಷ್ಟಿದೆ, ಒಪ್ಪಬೇಕು. ಆದರೆ ಎರಡನೆಯ ಮಾತಿಗೆ ಈ ಬರಹಗಾರರ ಹಳೆಯ ಕಡತವೇ ಉತ್ತರ. 2003ರಲ್ಲಿ ಇವರದೇ ‘ಕ್ಲೀಸೆ ತಾ ಮಾತಿಯಾ’ದಲ್ಲಿ ಇಬ್ಬರು ಗಂಡಸರು ಮುತ್ತಿಟ್ಟರೆಂದು ಪ್ರಸಾರ ಮಂಡಳಿ ಮೆಗಾ ವಾಹಿನಿಗೆ 1 ಲಕ್ಷ ಯೂರೋ ದಂಡ ಹಾಕಿತ್ತು; ಉನ್ನತ ಆಡಳಿತ ನ್ಯಾಯಾಲಯ ಅದನ್ನು ರದ್ದುಮಾಡಲು 2006 ಬರಬೇಕಾಯಿತು. ಗ್ರೀಸ್ ಸಲಿಂಗ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟದ್ದು 2024ರಲ್ಲಿ, ‘ಮಾಯೆಸ್ಟ್ರೋ’ ಬಂದ ಮೇಲೆ. ಸಂಚಲನವೇ ಬೇಕಿದ್ದರೆ ಇಷ್ಟು ದುಬಾರಿ ದಾರಿ ಯಾರೂ ಹಿಡಿಯುವುದಿಲ್ಲ. ಜೊತೆಗೆ ಆ ಪ್ರೀತಿಯನ್ನು ತೆಗೆದರೆ ಅಪ್ಪನ ಸಿಟ್ಟಿಗೆ ಕಾರಣವೇ ಇಲ್ಲವಾಗಿ ಅಪರಾಧವೂ ಕಳಚಿಬೀಳುತ್ತದೆ. ನಡುವಯಸ್ಸಿನ ಓರೆಸ್ಟಿಸ್ ಮತ್ತು 19ರ ಕ್ಲೇಲಿಯಾಳ ಪ್ರಣಯದ ಬಗ್ಗೆ ಇರುವ ತಕರಾರಿಗೆ ಮಾತ್ರ ನನ್ನಲ್ಲಿ ಸಮಜಾಯಿಷಿ ಇಲ್ಲ. ಉಳಿದ ಮನೆಗಳ ಅಧಿಕಾರವನ್ನೆಲ್ಲ ಅನುಮಾನದಿಂದ ನೋಡುವ ಕ್ಯಾಮೆರಾ ಇಲ್ಲಿಗೆ ಬಂದಾಗ ಮೃದುವಾಗಿಬಿಡುತ್ತದೆ. ಬರೆದವರೇ ನಾಯಕರಾದಾಗ ಹೀಗಾಗುವುದುಂಟು. ಮಾರಿಯಾಳಾಗಿ ನಟಿಸಿದ ಮಾರಿಯಾ ಕವೊಯಾನಿ ಮತ್ತೆ ತೆರೆಗೆ ಬರುವ ತನಕ ಅದನ್ನು ಸಹಿಸಿಕೊಳ್ಳಬೇಕು, ಅಷ್ಟೆ.