ಕಾಶಿಗೆ ಹೋದ ನಿಂಬೆಹಣ್ಣು

ಆಂಧ್ರದ ಬೇಲಂ ಗುಹೆಯೊಳಗಿನ ಪಾತಾಳಗಂಗೆ ಎಂಬ ತೊರೆಯ ಮುಂದೆ ನಿಂತು ಗೈಡ್ ದನಿ ತಗ್ಗಿಸಿದ. "ಈ ನೀರು ಸೀದಾ ಕಾಶಿಗೆ ಹೋಗುತ್ತೆ ಸಾರ್. ಹಿಂದೆ ಇಲ್ಲಿ ಬಿಟ್ಟ ನಿಂಬೆಹಣ್ಣು ಅಲ್ಲಿ ಗಂಗೆಯಲ್ಲಿ ತೇಲಿತಂತೆ." ನಸುಕಿನ ಮೂರಕ್ಕೆ ಬೆಂಗಳೂರು ಬಿಟ್ಟ ನಮ್ಮ ಬಸ್ಸಿನ ಮಂದಿಯೆಲ್ಲ ಬೆವರು ಒರೆಸಿಕೊಳ್ಳುತ್ತ "ಹೌದಾ!" ಎಂದರು. ಒಬ್ಬರು ಮೊಬೈಲ್ ಟಾರ್ಚ್ ಹಿಡಿದುಕೊಂಡೇ ಕೈಮುಗಿದರು. ನನಗೆ ತಡೆಯಲಾಗಲಿಲ್ಲ. "ಅಲ್ಲಿ ಅದೇ ನಿಂಬೆಹಣ್ಣು ಅಂತ ಗುರುತು ಹಿಡಿದವರು ಯಾರಪ್ಪ?" ಎಂದೆ. ಗೈಡ್ ನಕ್ಕು ಮುಂದಿನ ಗುಂಪಿನತ್ತ ನಡೆದ.

ಈ ನಿಂಬೆಹಣ್ಣು ನನಗೆ ಹಳೇ ಪರಿಚಯ. ನಮ್ಮ ಕಡೆ ಎಷ್ಟು ಪುಷ್ಕರಣಿ, ಎಷ್ಟು ಕೋಟೆಬಾವಿಗಳಿಂದ ಅದು ಕಾಶಿಗೆ ಹೋಗಿದೆಯೋ ಲೆಕ್ಕವಿಲ್ಲ. ಸುರಂಗಗಳೂ ಹಾಗೆಯೇ, ಸಣ್ಣೂರಿನಿಂದ ದೊಡ್ಡೂರಿಗೇ ಹೋಗುತ್ತವೆ. "ನಮ್ಮಿಂದ ಬೇಲಂಗೆ ಒಂದು ಸುರಂಗವಿದೆ" ಎಂದು ಕಾಶಿಯವರು ಹೇಳಿಕೊಂಡು ತಿರುಗುವುದನ್ನು ಯಾರಾದರೂ ಕೇಳಿದ್ದೀರಾ? ಒಳಗೆ ಹೋಗಿ ನೋಡೋಣ ಎಂದರೆ ಬ್ರಿಟಿಷರು ಬಾಗಿಲು ಮುಚ್ಚಿಸಿರುತ್ತಾರೆ.

ಮೊದಲು ಎತ್ತರದ ಲೆಕ್ಕ. ಕಾಶಿ ಸಮುದ್ರಮಟ್ಟದಿಂದ ಸುಮಾರು 80 ಮೀಟರ್ ಮೇಲಿದೆ, ಬೇಲಂ ಅದಕ್ಕಿಂತ ಎಷ್ಟೋ ಎತ್ತರದಲ್ಲಿದೆ. "ಗಂಗೆಯೇ ಇಲ್ಲಿಗೆ ಬರುತ್ತಾಳೆ" ಎನ್ನುವವರ ಪ್ರಕಾರ ಆಕೆ ಗುಡ್ಡ ಹತ್ತಿ ಬರಬೇಕು. "ಇಲ್ಲಿಂದ ಹೋಗುತ್ತೆ" ಎನ್ನುವವರಿಗೆ ಇಳಿಜಾರೇನೋ ಸಿಕ್ಕಿತು, ಆದರೆ ಕಲ್ಲು ದಾರಿ ಬಿಡುವುದಿಲ್ಲ.

ಅದಕ್ಕೆ ಸಾಕ್ಷಿ ಅದೇ ನಿಂಬೆಹಣ್ಣು. ಹಳೇ ಮನೆಗಳ ಅಡುಗೆಕಟ್ಟೆಗೆ ಹಾಸಿದ ಕರಿ ಕಡಪ ಕಲ್ಲು ಗೊತ್ತಲ್ಲ? ಹೋಳು ಮಾಡಿದ ನಿಂಬೆಯನ್ನು ಅದರ ಮೇಲೆ ಬೋರಲು ಮರೆತು ಬೆಳಗ್ಗೆ ಎತ್ತಿ ನೋಡಿ. ನಾಲ್ಕಾಣೆಯಗಲದ ಬಿಳಿಚು ಗುರುತು ಬಿದ್ದಿರುತ್ತದೆ, ಬೆರಳಾಡಿಸಿದರೆ ತರಿತರಿ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅದು ಕಲೆಯಲ್ಲ, ಕಲ್ಲೇ ಕರಗಿದ ಜಾಗ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ, ಬೇಲಂ ಗುಹೆ ಇರುವುದೂ ಅಂಥದೇ ಕಲ್ಲಿನಲ್ಲಿ. ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ನಿಂಬೆರಸಕ್ಕಿಂತ ಎಷ್ಟೋ ಸಪ್ಪೆ ಹುಳಿ. ಆದರೆ ಅದಕ್ಕೆ ಆತುರವಿಲ್ಲ. ಬಿರುಕಿನಲ್ಲಿ ಇಳಿದು, ಲಕ್ಷಾಂತರ ವರ್ಷ ಕಲ್ಲು ಕರಗಿಸಿ ಈ ಓಣಿಗಳನ್ನು ಮಾಡಿದೆ. ಋಷಿಗಳು ಕೊರೆದದ್ದು ಎಂದು ತೋರಿಸುವ ನುಣುಪು ಗೋಡೆ ನೀರು ಹರಿದ ಜಾಡು.

ಅಂದಮೇಲೆ ಸುಣ್ಣಕಲ್ಲು ಮುಗಿದಲ್ಲಿ ಇಂಥ ಗುಹೆಯೂ ಮುಗಿಯಿತು. ಅದೇ ಪ್ರವಾಸದಲ್ಲಿ ನೋಡಿದ ಗಂಡಿಕೋಟದ ಕಣಿವೆಯ ಕಲ್ಲೇ ಬೇರೆ, ಕಾಶಿಯ ಮಾತು ದೂರ ಉಳಿಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲೇ ಈ ಗುಹೆಯ ಬಗ್ಗೆ ಬರೆದ. 1982-83ರಲ್ಲಿ ಡ್ಯಾನಿಯಲ್ ಗೆಬಾವರ್‌ನ ಜರ್ಮನ್ ತಂಡ ಒಳಗೆ ಹೊಕ್ಕು ಅಳೆಯಿತು. ಈವರೆಗೆ ಅಳತೆಗೆ ಸಿಕ್ಕ ಉದ್ದ 3,229 ಮೀಟರ್. ಕಾಶಿಗೆ ಇನ್ನೂ ಸಾವಿರ ಕಿಲೋಮೀಟರ್ ಮೇಲೆ ಉಳಿಯಿತು. ಪಾತಾಳಗಂಗೆ ಎರಡು ಕಿಲೋಮೀಟರ್ ಆಚೆಯ ಬೇಲಂ ಊರಿನ ಬಾವಿಗೆ ಹೋಗುತ್ತದೆ ಎಂಬುದು ಊರವರ ನಂಬಿಕೆ. ಸುಣ್ಣಕಲ್ಲಿನ ನಾಡಿನಲ್ಲಿ ಅದು ಆಗಬಹುದಾದ ಮಾತು. ಆದರೆ ಬಾವಿಗೆ ಕೈಮುಗಿಯಲು ಬೆಂಗಳೂರಿನಿಂದ ಯಾರು ಬರುತ್ತಾರೆ?

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಗುಹೆಯೊಳಗೆ ಎಸಿಯಂತೆ ತಂಪಂತೆ; ಅಂಗಿ ಹಿಂಡುವಷ್ಟು ಬೆವರು, ಪೈಪಿನಲ್ಲಿ ಗಾಳಿ ಹಾಯಿಸಬೇಕು. ಗಂಡಿಕೋಟದ್ದು ಕೆಂಪು ಗ್ರಾನೈಟಂತೆ. ಗ್ರಾನೈಟ್ ಹಲಗೆ ಪೇರಿಸಿದಂತೆ ಪದರ ಪದರವಾಗಿ ಇರುವುದಿಲ್ಲ, ಗಂಡಿಕೋಟದ ಕಲ್ಲು ನೀರಿನ ತಳದಲ್ಲಿ ಕೂತ ಮರಳು ಗಟ್ಟಿಯಾಗಿ ಆದ ಕ್ವಾರ್ಟ್ಜೈಟ್. ಭಾರತದ ಗ್ರ್ಯಾಂಡ್ ಕ್ಯಾನಿಯನ್ ಅಂತೆ. ಅಮೆರಿಕದ್ದು 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಆಳ, ನಮ್ಮದು ನೂರು ಮೀಟರ್ ಆಸುಪಾಸು. ಚೆಂದಕ್ಕೆ ಅಷ್ಟೇ ಸಾಕಾಗಿತ್ತು, ಅಮೆರಿಕದ ಹೆಸರಿನ ಹಂಗೇಕೆ? ಇಂಥ ಕಣಿವೆಯ ಸಂದಿಗೆ ಗಂಡಿ ಎಂಬ ಮಾತು ತೆಲುಗಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಭೂಕಂಪದಲ್ಲಿ ನೆಲ ಸೀಳಿತು ಎಂಬುದಂತೂ ಹುರುಳಿಲ್ಲದ ಮಾತು. ಮರಳು, ಉರುಟುಕಲ್ಲು ಹೊತ್ತ ಪೆನ್ನಾ ನದಿ ಅರದಂತೆ ಉಜ್ಜುಜ್ಜಿ ಕೊರೆದ ಕಣಿವೆ ಅದು.

ನನಗೆ ಸಿಟ್ಟು ಬರುವುದು ಗೈಡ್ ಮೇಲಲ್ಲ. ಆತನಿಗೆ ಯಾವ ಕಥೆ ಓಡುತ್ತದೆ ಎಂಬುದು ಗೊತ್ತು. ತರಕಾರಿಯವನ ತಕ್ಕಡಿಯನ್ನು ಎರಡು ಸಲ ನೋಡುವವರು, ಕ್ಯಾಬ್ ಬಿಲ್ಲಿನ ಹತ್ತು ರೂಪಾಯಿಗೆ ಜಗಳ ಕಾಯುವವರು, ಸಾವಿರ ಕಿಲೋಮೀಟರ್ ಸುರಂಗಕ್ಕೆ ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲು ಕೊರೆದು ನಿಜವಾದ ಸುರಂಗ ಮಾಡುತ್ತಾರೆ. ಅಂಥವರೊಬ್ಬರನ್ನು ಕೇಳಿ ನೋಡಲಿ, ಒಂದೊಂದು ಮಾರಿಗೂ ಎಷ್ಟು ಬೆನ್ನು ಮುರಿಯುತ್ತದೆ ಎಂದು.

ತಮಾಷೆಯೆಂದರೆ ದೂರದ ನೀರಿನ ನಂಟು ಈ ಪ್ರವಾಸದಲ್ಲಿ ನಿಜಕ್ಕೂ ಇದೆ. ಗಂಡಿಕೋಟದ ಬಂಡೆಯ ತುದಿಗೆ ನಿಂತು ಎಲ್ಲರೂ ಸೆಲ್ಫಿ ತೆಗೆದುಕೊಂಡ ಆ ಪೆನ್ನಾ ನಮ್ಮ ಉತ್ತರ ಪಿನಾಕಿನಿಯೇ, ಹುಟ್ಟಿದ್ದು ನಂದಿಬೆಟ್ಟದ ಸಾಲಿನಲ್ಲಿ. ನಸುಕಿನಲ್ಲಿ ಬಸ್ಸು ಚಿಕ್ಕಬಳ್ಳಾಪುರ ದಾಟುವಾಗ ಅದರ ಮಗ್ಗುಲಲ್ಲೇ ಹೋದೆವು, ಎಲ್ಲರೂ ನಿದ್ದೆಯಲ್ಲಿದ್ದರು. ವಾಪಸು ಬರುವಾಗ ಪಕ್ಕದ ಸೀಟಿನವರಿಗೆ ಇದನ್ನು ಹೇಳಿದೆ. ಅವರ ಕಣ್ಣರಳಿತು. "ಹಾಗಾದರೆ ನಂದಿಯಲ್ಲಿ ಒಂದು ನಿಂಬೆಹಣ್ಣು ಬಿಟ್ಟರೆ ಗಂಡಿಕೋಟದಲ್ಲಿ ಸಿಗುತ್ತಾ?"

"ಇಲ್ಲ, ಗೌರಿಬಿದನೂರಿನ ಮರಳಲ್ಲೇ ಒಣಗುತ್ತೆ" ಎಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು.