ಮ್ಯಾನೇಜರೇ ನಿರ್ಮಾಪಕನಾದರೆ ಲೆಕ್ಕ ಕೇಳೋದು ಯಾರನ್ನ?

ಕರಾವಳಿಯಿಂದ ಬಂದು ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆ ನಿಂತ ನಮ್ಮ ಮನೆಗಳಲ್ಲೂ ಈಗ ಒಬ್ಬ ಹಾಡುಗಾರ, ಇಲ್ಲವೇ ಮೊಬೈಲಿನಲ್ಲಿ ಊರನ್ನೇ ನಗಿಸುವ ಒಬ್ಬ ಹುಡುಗ ಇದ್ದೇ ಇರುತ್ತಾನೆ. ನಮ್ಮ ಭಾಷೆಯ ‘ಬ್ಯಾರಿ’ 2011ರಲ್ಲಿ ತಯಾರಾಗಿ, ಮರಾಠಿಯ ‘ದೇವೂಳ್’ ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡ ಮೇಲಂತೂ ‘ನಮ್ಮವರಿಗೆಲ್ಲಿ ಸಿನಿಮಾ’ ಅನ್ನೋ ಮಾತೇ ನಿಂತಿದೆ.

ಹುಡುಗನ ಹೆಸರು ನಾಲ್ಕು ಜನಕ್ಕೆ ಗೊತ್ತಾದ ಕೂಡಲೇ ಒಂದು ಫೋನು ಬರುತ್ತೆ. ‘ಡೇಟು, ಪೇಮೆಂಟು ಎಲ್ಲ ನಾನು ನೋಡ್ಕೊಳ್ತೀನಿ, ನೂರಕ್ಕೆ ಇಷ್ಟು ನನಗೆ ಕೊಟ್ರೆ ಸಾಕು.’ ಅವರೇ ಮ್ಯಾನೇಜರ್. ಸ್ವಲ್ಪ ದಿನಕ್ಕೆ ಇನ್ನೊಂದು ಮಾತು: ‘ಸಿನಿಮಾ ಮಾಡೋಣ, ನಿರ್ಮಾಪಕ ನಾನೇ.’ ಉಮ್ಮನಿಗೆ ಸಂತೋಷ, ಉಪ್ಪನಿಗೆ ಹೆಮ್ಮೆ. ಸಹಿ ಬಿದ್ದೇ ಬಿಡುತ್ತೆ.

ಇಲ್ಲೇ ಒಂದು ನಿಮಿಷ ನಿಲ್ಲೋಣ. ನಮ್ಮ ಅಮರಗೋಳದ ಎಪಿಎಂಸಿಯನ್ನೇ ನೆನೆಯೋಣ. ರೈತನ ಮಾಲಿಗೆ ಹೆಚ್ಚು ಬೆಲೆ ಕೊಡಿಸೋದು ದಲಾಲರ ಕೆಲಸ. ಅದೇ ದಲಾಲರು ಬೇರೆ ಹೆಸರಿನಲ್ಲಿ ತಾವೇ ಮಾಲು ಕೊಂಡರೆ? ತಕ್ಕಡಿಯ ಎರಡೂ ಕಡೆ ಅವರೇ. ಮ್ಯಾನೇಜರ್ ನಿರ್ಮಾಪಕರಾದಾಗಲೂ ಹಾಗೇ. ಕಲಾವಿದನ ಸಂಭಾವನೆ ಏರಿದರೆ ಮ್ಯಾನೇಜರಿಗೆ ಲಾಭ, ಇಳಿದರೆ ನಿರ್ಮಾಪಕನಿಗೆ ಲಾಭ. ಒಬ್ಬರೇ ಎರಡೂ ಆದರೆ ಯಾವ ಲಾಭ ನೋಡ್ತಾರೆ?

ಹಾಗಂತ ಇದು ಯಾವಾಗಲೂ ಕೆಟ್ಟದ್ದೇ ಅಂತ ನಾವು ಹೇಳ್ತಿಲ್ಲ. ಡಾ. ರಾಜ್‌ಕುಮಾರ್ ಅವರ ವ್ಯವಹಾರ ನೋಡಿಕೊಂಡಿದ್ದು ಪತ್ನಿ ಪಾರ್ವತಮ್ಮ. ಕಥೆ ಆರಿಸುತ್ತಿದ್ದವರು ತಮ್ಮ ವರದಪ್ಪ. 1975ರ ‘ತ್ರಿಮೂರ್ತಿ’ಯಿಂದ ಪಾರ್ವತಮ್ಮನವರೇ ನಿರ್ಮಾಪಕಿಯಾದರು, ದೊಡ್ಡ ಸಂಸ್ಥೆಯನ್ನೇ ಕಟ್ಟಿದರು. ಅಲ್ಲಿ ಲಾಭ ಬಂದರೂ ನಷ್ಟವಾದರೂ ಅದು ಒಂದೇ ಮನೆಯದು. ಗಲ್ಲಾಪೆಟ್ಟಿಗೆ ಒಂದೇ ಇದ್ದಾಗ ತಕರಾರು ಕಡಿಮೆ. ಎರಡಾದಾಗಲೇ ಕಷ್ಟ.

ಎರಡಾದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಪ್ರಕರಣ ಇದೆ. ಹಾಸ್ಯನಟ ಗ್ಯಾರಿ ಶ್ಯಾಂಡ್ಲಿಂಗ್ ಅವರ ಮ್ಯಾನೇಜರ್ ಬ್ರಾಡ್ ಗ್ರೇ, ಅದೇ ನಟನ ಟಿವಿ ಕಾರ್ಯಕ್ರಮಕ್ಕೆ ನಿರ್ಮಾಪಕರೂ ಆಗಿದ್ದರು. ನನ್ನ ಹಿತ ಕಾಯಬೇಕಾದವರು ತಮ್ಮ ಹಿತ ನೋಡಿಕೊಂಡರು ಅಂತ 1998ರಲ್ಲಿ ಶ್ಯಾಂಡ್ಲಿಂಗ್ 10 ಕೋಟಿ ಡಾಲರ್ ಕೇಳಿ ಕೋರ್ಟಿಗೆ ಹೋದರು. ಗ್ರೇ ಆರೋಪ ಒಪ್ಪಲಿಲ್ಲ. 1999ರಲ್ಲಿ ರಾಜಿಯಾಯಿತು, ಹಳೆಯ ಸ್ನೇಹ ಮಾತ್ರ ಮುರಿದುಹೋಯಿತು. 2019ರಲ್ಲಿ ಅಲ್ಲಿನ 7,000ಕ್ಕೂ ಹೆಚ್ಚು ಚಿತ್ರಕಥೆಗಾರರು ಇಂಥದ್ದೇ ಕಾರಣಕ್ಕೆ ತಮ್ಮ ಏಜೆಂಟರನ್ನೇ ಬಿಟ್ಟರು. ಕೊನೆಗೆ ನಿರ್ಮಾಣ ಕಂಪನಿಯಲ್ಲಿ ಏಜೆನ್ಸಿಯ ಪಾಲು ಶೇ. 20 ಮೀರಬಾರದು ಅಂತ ದೊಡ್ಡ ಏಜೆನ್ಸಿಗಳೂ ಒಪ್ಪಬೇಕಾಯಿತು.

ನಮ್ಮಲ್ಲಿ ಅಷ್ಟು ದೊಡ್ಡ ಸಂಘದ ಬಲ ಇಲ್ಲದಿದ್ದರೂ ಕಾನೂನು ಇದೆ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ಏಜೆಂಟ್ ಕೇಳಿದಾಗ ಲೆಕ್ಕ ಕೊಡಲೇಬೇಕು (ಸೆಕ್ಷನ್ 213). ತನಗೆ ಕೆಲಸ ಒಪ್ಪಿಸಿದವರ ಒಪ್ಪಿಗೆಯಿಲ್ಲದೆ, ಮುಖ್ಯ ವಿಷಯ ತಿಳಿಸದೆ ಏಜೆಂಟ್ ಆ ವ್ಯವಹಾರವನ್ನು ತನ್ನ ಸ್ವಂತಕ್ಕೆ ಮಾಡಿಕೊಂಡಿದ್ದರೆ, ಅದರಲ್ಲಿ ಮೋಸದ ಮುಚ್ಚುಮರೆಯೋ ತಮಗೆ ನಷ್ಟವೋ ಕಂಡುಬಂದಾಗ ಒಪ್ಪಿಸಿದವರು ಅದನ್ನು ತಳ್ಳಿಹಾಕಬಹುದು (215). ಅವರಿಗೆ ಗೊತ್ತಿಲ್ಲದಂತೆ ಹಾಗೆ ಗಳಿಸಿದ ಲಾಭವನ್ನೂ ಕೇಳಬಹುದು (216). 18 ತುಂಬದ ಮಕ್ಕಳು ತಾವೇ ಮಾಡುವ ಸಹಿಗೆ ಕರಾರಿನ ಬೆಲೆ ಇಲ್ಲ ಅನ್ನೋದೂ ನೆನಪಿರಲಿ.

ಆದರೆ ಕೋರ್ಟು ಕಡೆಯ ಬಾಗಿಲು. ಅದಕ್ಕೆ ಮೊದಲೇ ಸಹಿಯ ಹೊತ್ತಿನಲ್ಲಿ ಮೂರು ಪ್ರಶ್ನೆ ಕೇಳಿ. ನೀವೇ ನಿರ್ಮಿಸುವ ಸಿನಿಮಾದಲ್ಲೂ ಕಮಿಷನ್ ಹಿಡೀತೀರಾ? ಹಿಡಿಯೋದಾದರೆ ನಿರ್ಮಾಪಕರ ಪಾಲು ಬೇರೆ ಯಾಕೆ? ಈ ಒಂದು ಸಿನಿಮಾದ ಮಟ್ಟಿಗೆ ನಮ್ಮ ಪರ ಮಾತಾಡೋಕೆ ಬೇರೆ ಒಬ್ಬ ವಕೀಲರನ್ನು ಇಟ್ಟುಕೊಳ್ಳಬಹುದಾ? ಮ್ಯಾನೇಜರ್ ಕರಾರು ಮುಗಿದರೆ ಸಿನಿಮಾ ಕರಾರು ಏನಾಗುತ್ತೆ? ಒಳ್ಳೆಯ ಮ್ಯಾನೇಜರ್ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ, ಉತ್ತರವನ್ನು ಕಾಗದದಲ್ಲೇ ಬರೆದುಕೊಡ್ತಾರೆ. ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂದರೆ ಅಲ್ಲೇ ಪೆನ್ನು ಕೆಳಗಿಡಿ.

ಬ್ಯಾರಿ ಅನ್ನೋ ಹೆಸರೇ ವ್ಯಾಪಾರದಿಂದ ಬಂದದ್ದು ಅಂತಾರೆ ಹಿರಿಯರು. ಅಂಗಡಿಯ ಚೀಟಿಯನ್ನೂ ಎರಡು ಸಲ ಕೂಡಿ ನೋಡುವವರು ನಾವು. ಮಕ್ಕಳ ಹತ್ತು ವರ್ಷದ ದುಡಿಮೆ ಬರೆದಿರುವ ಕಾಗದಕ್ಕೆ ಒಂದು ಸಂಜೆಯಾದರೂ ಕೊಡೋಣ.